ಪುಟ್ಟಸ್ವಾಮಿಯ ಮೋಟಾರ್ ಸೈಕಲ್ ಪೂರಿಗಾಲಿಗೆ

ಮಂಡ್ಯದಿಂದ ಮದ್ದೂರಿಗೆ ಬೆಳಗಿನ ರೈಲಿನಲ್ಲಿ ಹೊರಟೆ. ಸಂಕ್ರಾಂತಿ ಕಳೆದು ಹದಿನೈದು ದಿನವಾಗಿತ್ತು. ಹನ್ನೆರಡು ಮೈಲಿಯ ದಾರಿಯುದ್ದಕ್ಕೂ ಕಬ್ಬು ತುಂಬಿದ ಗಾಡಿಗಳು ಸಾಲಾಗಿ ಮಂಡ್ಯದ ಕಡೆಗೆ ಬರುತ್ತಿದ್ದವು. ಮದ್ದೂರಿನಲ್ಲಿ ವೀರಾಚಾರಿಯ ರಿಪೇರಿ ಅಂಗಡಿಯಲ್ಲಿದ್ದ ಮೋಟಾರ್ ಸೈಕಲ್ ತೆಗೆದುಕೊಂಡು, ಮಳವಳ್ಳಿಯ ಮೇಲೆ ಪೂರಿಗಾಲಿಗೆ ಹೋಗಿ, ಅದನ್ನು ಪುಟ್ಟಸ್ವಾಮಿಯ ಅಣ್ಣನಿಗೆ ಒಪ್ಪಿಸಿ ಬರುವುದು ನನ್ನ ಕೆಲಸ.

ಪುಟ್ಟಸ್ವಾಮಿ ದನದ ಡಾಕ್ಟರು. ಮಂಡ್ಯದಲ್ಲಿ ನಮ್ಮ ಬೀದಿಯಲ್ಲೇ ಮೂರು ವರ್ಷ ಬಾಡಿಗೆಗಿದ್ದ. ಹಳ್ಳಿ ಸುತ್ತುವುದಕ್ಕೆಂದು ಹಳೆಯ ಮೋಟಾರ್ ಸೈಕಲ್ ಒಂದನ್ನು ಕೊಂಡು, ಒಣಗಿದ ಕೆರೆಯಂಗಳದಲ್ಲಿ ನನಗೂ ಓಡಿಸಲು ಕಲಿಸಿದ್ದ. ಒಂದು ತಿಂಗಳ ಹಿಂದೆ ಮಳವಳ್ಳಿಗೆ ಹೋಗುವಾಗ, ಕಾಳಮುದ್ದನದೊಡ್ಡಿ ದಾಟಿದ ಮೇಲಿನ ತಿರುವಿನಲ್ಲಿ, ಸಡಿಲ ಜಲ್ಲಿಯ ಮೇಲೆ ಜಾರಿ ಬಿದ್ದು ತಲೆಗೆ ಪೆಟ್ಟಾಗಿ ಸತ್ತ.

ಆ ಜಲ್ಲಿ ಹರಡಿಸಿದವನು ನಾನು. ಆ ರಸ್ತೆಯ ಓವರ್ಸಿಯರ್ ನಾನೇ. ಜಲ್ಲಿ ಹರಡಿದ ಮೇಲೆ ಗರಸು ಮಣ್ಣು ಚೆಲ್ಲಿ, ನೀರು ಹಾಕಿ, ಎತ್ತು ಕಟ್ಟಿದ ರೋಲರು ಓಡಿಸಿ ಗಟ್ಟಿ ಮಾಡಬೇಕು. ಅಲ್ಲಿಯವರೆಗೆ ಮುಳ್ಳು ಕಡಿದು ಅಡ್ಡ ಹಾಕಿ, ಪಕ್ಕದಲ್ಲಿ ದಾರಿ ಬಿಡಿಸಬೇಕು. ತಂಗಿಯ ನಿಶ್ಚಿತಾರ್ಥವೆಂದು ನಾನು ಎರಡು ದಿನ ರಜ ಹಾಕಿದ್ದೆ. ಎಲ್ಲವನ್ನೂ ಬಂದ ಮೇಲೆ ಮಾಡಿಸಿದರಾಯಿತು ಅಂದುಕೊಂಡೆ. ಪುಟ್ಟಸ್ವಾಮಿಯ ಮನೆಯವರಿಗೆ ಇದು ಗೊತ್ತಿರಲಿಲ್ಲ. ಮಣ್ಣಿಗೆ ಹೋದ ದಿನ ಹೇಳಬೇಕೆಂದು ಎರಡು ಸಲ ಅವನ ಅಣ್ಣನ ಹತ್ತಿರ ಹೋಗಿ, ಎರಡು ಸಲವೂ ಸುಮ್ಮನೆ ಹಿಂದಕ್ಕೆ ಬಂದಿದ್ದೆ.

ಮದ್ದೂರು ಸ್ಟೇಷನ್ನಿನಲ್ಲಿ ವಡೆ ತಿಂದು ಕಾಫಿ ಕುಡಿದು ಅಂಗಡಿಗೆ ಹೋದೆ. ವೀರಾಚಾರಿ ಮೊದಲು ಗಾಡಿ ಚಕ್ರಕ್ಕೆ ಪಟ್ಟಿ ಹಾಕುತ್ತಿದ್ದವನು. ಬಸ್ಸುಗಳು ಬಂದ ಮೇಲೆ ಮೋಟಾರು ಕೆಲಸ ಕಲಿತ. ಬಗ್ಗಿದ್ದ ಹ್ಯಾಂಡಲನ್ನು ನೆಟ್ಟಗೆ ಮಾಡಿಟ್ಟಿದ್ದ. ಆ ತಿರುವಿನ ಜಲ್ಲಿ ನನ್ನದೆಂದು ಅವನಿಗೆ ಗೊತ್ತಿತ್ತು. ಜಲ್ಲಿಯ ಮೇಲೆ ಓಡಿಸಿದ್ದೀರಾ ಎಂದು ಕೇಳಿದ. ಇಲ್ಲವೆಂದೆ. ಮಳವಳ್ಳಿ ಹತ್ತಿರ ಬೇರೆ ಓವರ್ಸಿಯರು ಹೊಸದಾಗಿ ಎರಡು ಫರ್ಲಾಂಗು ಜಲ್ಲಿ ಹರಡಿದ್ದಾರೆ, ಹಾಗೇ ಕಳಿಸಲಾರೆ ಎಂದು ಒಂದು ಗಂಟೆ ಕೂರಿಸಿದ.

ಎರಡು ಟಯರಿನಿಂದಲೂ ಸ್ವಲ್ಪ ಗಾಳಿ ಬಿಟ್ಟ. ಗಟ್ಟಿ ಟಯರು ಕಲ್ಲಿನ ಮೇಲೆ ಪುಟಿಯುತ್ತದೆ, ಮೆತ್ತಗಿದ್ದರೆ ಕಲ್ಲನ್ನು ತಬ್ಬಿಕೊಳ್ಳುತ್ತದೆ ಅಂದ. ಹ್ಯಾಂಡಲು ಹೊಯ್ದಾಡದಂತೆ ಅದರ ಮೇಲಿನ ತಿರುಪನ್ನು ಒಂದು ಸುತ್ತು ಬಿಗಿ ಮಾಡಿದ. ಕಾಲಿಡುವ ಕಂಬಿಯ ಮೇಲೆ ಅರೆ ನಿಂತು, ಮಂಡಿಗಳಿಂದ ಟ್ಯಾಂಕನ್ನು ಒತ್ತಿ ಹಿಡಿದು, ಕೈ ಸಡಿಲ ಬಿಡುವುದನ್ನು ತಾನೇ ಹತ್ತಿ ಕುಳಿತು ತೋರಿಸಿದ. ಮುಂದಿನ ಬ್ರೇಕನ್ನು ಮುಟ್ಟಲೇಬಾರದು, ಹೆದರಿ ತಟ್ಟನೆ ವೇಗ ಇಳಿಸಬಾರದು, ಚಕ್ರದ ಹತ್ತಿರ ನೋಡದೆ ದೂರ ನೋಡಬೇಕು ಎಂದ.

ಪುಟ್ಟಸ್ವಾಮಿಯ ಔಷಧಿ ಪೆಟ್ಟಿಗೆಯೂ ಗಾಡಿಯ ಜೊತೆ ಅಂಗಡಿಯಲ್ಲೇ ಇತ್ತು; ನಾನು ಅದನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಿದ್ದೆ. ಕೊನೆಗೆ ಅದನ್ನು ಬಿಚ್ಚಿದ. ಒಳಗಿದ್ದ ಸೀಸೆಗಳನ್ನೆಲ್ಲ ಎರಡು ಚೀಲಕ್ಕೆ ತುಂಬಿ, ಟ್ಯಾಂಕಿನ ಎರಡು ಪಕ್ಕಕ್ಕೆ ಇಳಿಬಿಟ್ಟು ಕಟ್ಟಿ, ಖಾಲಿ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಇಟ್ಟುಕೊಂಡ.

"ಹಿಂದ್ಗಡೆ ತೂಕ ಬಿದ್ರೆ ಮುಂದ್ಲು ಚಕ್ರ ಹಗುರಾಗಿ ಹೇಳ್ದಂಗೆ ಕೇಳಾಕಿಲ್ಲ ಸ್ವಾಮಿ. ಡಾಕ್ಟ್ರಿಗೆ ಎಷ್ಟೋ ಸಲ ಯೋಳ್ದೆ, ಕೇಳ್ನಿಲ್ಲ. ಆವತ್ತು ಬಿದ್ದದ್ದು ಈ ಪೆಟ್ಗೆಯಿಂದ್ಲೇ ಕಣ್ ಸ್ವಾಮಿ, ನಿಮ್ಮಿಂದಲ್ಲ" ಅಂದ.

ಬಿಸಿಲೇರುತ್ತಿತ್ತು. ಇಪ್ಪತ್ತು ಮೈಲಿಗಿಂತ ಹೆಚ್ಚಿನ ವೇಗಕ್ಕೆ ಹೋಗಲಿಲ್ಲ. ವೀರಾಚಾರಿಯ ಮಾತು ದಾರಿಯುದ್ದಕ್ಕೂ ನನ್ನ ಜೊತೆಗಿತ್ತು. ಅದನ್ನು ನಂಬಬೇಕೆಂಬ ಆಸೆಯೂ ಇತ್ತು. ಕಾಳಮುದ್ದನದೊಡ್ಡಿ ದಾಟಿ ಆ ತಿರುವಿನಲ್ಲಿ ಇಳಿದೆ. ಪುಟ್ಟಸ್ವಾಮಿ ಸತ್ತ ಮಾರನೆಯ ದಿನವೇ ನಾನು ನಿಂತು ರೋಲರು ಓಡಿಸಿದ್ದೆ. ರಸ್ತೆ ಮನೆಯ ನೆಲದಂತೆ ಸಮವಾಗಿತ್ತು. ಒಂದು ಕಬ್ಬಿನ ಗಾಡಿ ಸದ್ದಿಲ್ಲದೆ ಅದರ ಮೇಲೆ ಹಾದುಹೋಯಿತು. ಗಾಡಿಯವನು ನನ್ನ ಗುರುತು ಹಿಡಿದು, ರಸ್ತೆ ಚೆನ್ನಾಗಿ ಆಯಿತು ಎಂದ. ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಮಳವಳ್ಳಿಗೆ ಇನ್ನೆರಡು ಮೈಲಿ ಇರುವಾಗ ಹೊಸ ಜಲ್ಲಿ ಸಿಕ್ಕಿತು. ಅಲ್ಲಿಯೂ ಮುಳ್ಳು ಅಡ್ಡ ಹಾಕಿರಲಿಲ್ಲ. ಕಂಬಿಯ ಮೇಲೆ ಎದ್ದು ನಿಂತು, ದೂರದ ಹುಣಸೆಮರ ನೋಡುತ್ತ ಒಳಗೆ ನುಗ್ಗಿದೆ. ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ಹೊರಳಿತು, ಆದರೂ ಕೈ ಬಿಗಿ ಮಾಡಲಿಲ್ಲ. ಗಾಡಿ ತಾನೇ ದಾರಿ ಹುಡುಕಿಕೊಂಡು ಆಚೆ ಮುಟ್ಟಿತು. ಮರದ ಕೆಳಗೆ ನಿಲ್ಲಿಸಿ ಇಳಿದೆ. ನಾನು ಬದುಕಿ ಆಚೆ ಬಂದಿದ್ದೆ. ಪುಟ್ಟಸ್ವಾಮಿಗೆ ಮಾತ್ರ ಮುಂದೆ ಜಲ್ಲಿ ಇದೆ ಎಂದು ಹೇಳುವವರು ಯಾರೂ ಇರಲಿಲ್ಲ.

ಮಳವಳ್ಳಿಯಿಂದ ಪೂರಿಗಾಲಿಗೆ ಗಾಡಿದಾರಿ. ಊರು ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ಅವರ ಮನೆಯ ಮುಂದೆ ಎಂಜಿನ್ ಇನ್ನೂ ನಿಲ್ಲಿಸಿರಲಿಲ್ಲ, ಒಳಗಿನಿಂದ ಪುಟ್ಟಸ್ವಾಮಿಯ ತಾಯಿ ನಿಂಗಮ್ಮ ಸೆರಗಿನಲ್ಲಿ ಕೈ ಒರೆಸುತ್ತ ಬೇಗ ಬೇಗ ಬಂದರು.

"ಬಂದ್ಯಾ ಮಗ?" ಅಂದರು.

ನನ್ನನ್ನು ನೋಡಿದರು. ಗಾಡಿಯನ್ನು ನೋಡಿದರು. ನನ್ನ ಹಿಂದೆ ಯಾರಾದರೂ ಕುಳಿತಿದ್ದಾರೋ ಎಂದು ಬಗ್ಗಿ ನೋಡಿದರು. ಆಮೇಲೆ ಒಳಗೆ ಹೋದರು.

ಅಣ್ಣ ಸಿದ್ದೇಗೌಡರು ಜಗಲಿಯ ಮೇಲೆ ಚಾಪೆ ಹಾಸಿ, ಹಾಲು ಬಾಳೆಹಣ್ಣು ತರಿಸಿ ಇಟ್ಟರು. ನಾನು ಮುಟ್ಟಲಿಲ್ಲ. ಮಾತು ಶುರು ಮಾಡಿದ್ದೇ ಔಷಧಿ ಪೆಟ್ಟಿಗೆಯಿಂದ. ತೂಕ ಹಿಂದೆ ಇತ್ತು, ಮುಂದಿನ ಚಕ್ರ ಹಗುರಾಗಿತ್ತು ಎಂದು ವೀರಾಚಾರಿ ಹೇಳಿದ್ದನ್ನೆಲ್ಲ ಹೇಳಿದೆ. ಅವರು ತಲೆ ಆಡಿಸುತ್ತ ಕೇಳಿದರು. ತಮ್ಮನದೇ ತಪ್ಪು ಎಂಬ ಮಾತನ್ನು ಅಷ್ಟು ಸಮಾಧಾನವಾಗಿ ಕೇಳುತ್ತಿದ್ದ ಆ ಮುಖ ನೋಡಿ ನನ್ನ ಮಾತು ಅಲ್ಲಿಗೇ ನಿಂತುಹೋಯಿತು.

"ಗೌಡ್ರೆ, ಪೆಟ್ಟಿಗೆ ಯಾವಾಗಲೂ ಅಲ್ಲೇ ಇರುತ್ತಿತ್ತು. ಅವನು ಬಿದ್ದದ್ದು ನಾನು ಹರಡಿಸಿದ ಜಲ್ಲಿಯ ಮೇಲೆ. ರೋಲರು ಹಾಯಿಸಿರಲಿಲ್ಲ, ಮುಳ್ಳೂ ಹಾಕಿಸಿರಲಿಲ್ಲ. ಹಾಗೇ ಬಿಟ್ಟು ಊರಿಗೆ ಹೋಗಿದ್ದೆ" ಅಂದೆ.

"ಎಷ್ಟ್ ದಿನ ಬುಟ್ಟಿದ್ರಿ?"

"ಎರಡು ದಿನ."

"ಎಲ್ಡು ದಿನ" ಎಂದು ತಮಗೆ ತಾವೇ ಹೇಳಿಕೊಂಡರು. ಎದ್ದು ಹೋಗಿ ಎತ್ತುಗಳಿಗೆ ಹುಲ್ಲು ಹಾಕಿದರು. ಅದು ಮುಗಿದ ಮೇಲೂ ಎತ್ತಿನ ಬೆನ್ನ ಮೇಲೆ ಕೈಯಿಟ್ಟು, ನನ್ನ ಕಡೆಗೆ ಬೆನ್ನು ಮಾಡಿ ನಿಂತೇ ಇದ್ದರು. ಬೈದಿದ್ದರೆ ನಾನು ಅಲ್ಲೇ ಕುಳಿತು ಕೇಳುತ್ತಿದ್ದೆ.

ವಾಪಸು ಬಂದವರು ನನ್ನ ಮುಖ ನೋಡದೆ ಹೇಳಿದರು: "ಗಾಡಿ ನೀವೇ ತಕ್ಕೊಂಡೋಗಿ ಅಯ್ನೋರೆ. ಮಾರಿ, ಇಲ್ಲ ಮಡಿಕ್ಕೊಳಿ. ಇಲ್ಲಿ ಬ್ಯಾಡ. ಈ ಸಬ್ದ ಕೇಳುದ್ರೆ ನಮ್ಮವ್ವ ಎದ್ದು ಬಾಕ್ಲಿಗೆ ಬತ್ತಾಳೆ. ದಿನಾ ಹಂಗೆ ಬತ್ತಿದ್ರೆ ಉಳಿಯಾಕಿಲ್ಲ."

ಔಷಧಿ ಚೀಲಗಳನ್ನು ಜಗಲಿಯ ಮೇಲಿಟ್ಟೆ. ಎಂಜಿನ್ ಹಾಕದೆ ಗಾಡಿಯನ್ನು ತಳ್ಳಿಕೊಂಡು ಹೊರಟೆ. ಬೀದಿಯ ಏರಿನಲ್ಲಿ ಅದು ಮುಂದಕ್ಕೆ ಹೋಗದೆ ನಿಂತಾಗ, ಹಿಂದಿನಿಂದ ಯಾರೋ ಕ್ಯಾರಿಯರಿಗೆ ಕೈ ಕೊಟ್ಟರು. ಸಿದ್ದೇಗೌಡರೇ. ಇಬ್ಬರೂ ಊರ ಹೊರಗಿನ ಹೊಲಗಳವರೆಗೆ ತಳ್ಳಿದೆವು. ಅಲ್ಲಿ ಅವರು ಕೈ ಬಿಟ್ಟರು. ಇನ್ನೂ ಸ್ವಲ್ಪ ದೂರ ಒಬ್ಬನೇ ತಳ್ಳಿ, ಹೊಂಗೆಮರಗಳ ಮರೆಗೆ ಬಂದ ಮೇಲೆ ಎಂಜಿನ್ ಹಾಕಿದೆ.

ಹೊರಡುವ ಮುಂಚೆ ಮರಗಳ ನಡುವಿನಿಂದ ತಿರುಗಿ ನೋಡಿದೆ. ಸಿದ್ದೇಗೌಡರು ಅಲ್ಲೇ ಇದ್ದರು. ಆದರೆ ನನ್ನ ಕಡೆ ನೋಡುತ್ತಿರಲಿಲ್ಲ. ಊರಿನ ಕಡೆಗೆ ಮುಖ ಮಾಡಿ, ಏರಿನ ಕೆಳಗೆ ಕಾಣುವ ತಮ್ಮ ಮನೆಯ ಬಾಗಿಲನ್ನು ನೋಡುತ್ತ ನಿಂತಿದ್ದರು.