ಮಬ್ಬು ಕವಿದದ್ದು ಯಾರಿಗೆ?

ಬೆಳಗಿನ ಚಹಾದ ಹಾಲು ಕೆಟ್ಟರೂ ನಾನು ಸಿಟ್ಟಾಗುವವನಲ್ಲ. ಪದ ಕೆಟ್ಟರೆ ಮಾತ್ರ ಮೈ ಉರಿಯುತ್ತದೆ. ಚಿತ್ತಾಪುರದ ಶಾಲೆಯಲ್ಲಿ ಮೂವತ್ತು ವರ್ಷ ಸಮಾನಾರ್ಥಕ ಪದಗಳನ್ನು ಉರು ಹೊಡೆಸಿ ಮಕ್ಕಳ ಶಾಪಕ್ಕೆ ಗುರಿಯಾದ ನಿವೃತ್ತ ಮೇಷ್ಟರಿಗೆ ಬೇರೆ ಆಸ್ತಿ ಏನಿದೆ, ಹೇಳಿ? ಈ ಸಲ ಕೆಟ್ಟದ್ದು ‘ಮಬ್ಬು’. ಕತ್ತಲು ಪೂರ್ತಿ ಹೋಗದ, ಬೆಳಕು ಪೂರ್ತಿ ಬಾರದ ನಸುಕಿನ ಹೊತ್ತಿಗೆ ಸೇಡಂನಿಂದ ಶಹಾಬಾದದವರೆಗೆ ನಾವೆಲ್ಲ ಕರೆಯುವ ಹೆಸರು ಅದು. ಬೇರೆ ಸೀಮೆಯಲ್ಲಿ ಅದೇ ಪದ ಅಮಲಿಗೂ ಸಲ್ಲುತ್ತದೆಂದು ಗೊತ್ತಿತ್ತು. ಅದು ಒಬ್ಬರ ಹೊಟ್ಟೆಯ ಮೇಲೆ ಹೊಡೆಯಬಹುದೆಂದು ಗೊತ್ತಿರಲಿಲ್ಲ.

ನಮ್ಮ ಓಣಿಯ ನೀಲಮ್ಮ ಹಾಸ್ಟೆಲಿನಲ್ಲಿ ಅಡುಗೆಯಾಕೆ. ದೂರದ ಜಿಲ್ಲೆಯಿಂದ ಹೊಸದಾಗಿ ಬಂದ ವಾರ್ಡನ್ ಕೆಲಸದ ವೇಳೆ ಕೇಳಿದಾಗ “ದಿನಾ ಮಬ್ಬಿನ್ಯಾಗ ಬರ್ತೀನ್ರಿ” ಎಂದಳಂತೆ. ಮರುದಿನವೇ ನೋಟಿಸು: ಮಬ್ಬಿನಲ್ಲಿ ಕೆಲಸಕ್ಕೆ ಬರುವುದಾಗಿ ತಾವೇ ಒಪ್ಪಿರುವುದರಿಂದ ತಮ್ಮನ್ನು ಏಕೆ ತೆಗೆದುಹಾಕಬಾರದು?

“ನಾ ಕುಡ್ದು ಬರ್ತೀನಂತ ಬರ್ದಾರ್ರಿ ಸರ. ಕೆಲಸ ಹೋದ್ರ ಹೋಗ್ಲಿ, ಮಾನ?” ಎಂದು ನಮ್ಮ ಕಟ್ಟೆಯ ಮೇಲೆ ಕುಳಿತಳು. ಊರಿನ ಮಾತು ತಿಳಿಯದೆ ಊರಿನವರ ನಡತೆಯನ್ನು ಅಳೆಯುವ ಧೈರ್ಯ ಇವರಿಗೆ ಎಲ್ಲಿಂದ ಬರುತ್ತದೆ?

ನಿಘಂಟನ್ನು ಕಂಕುಳಲ್ಲಿಟ್ಟುಕೊಂಡು ಆಕೆಯೊಡನೆ ಹೋದೆ. ವಾರ್ಡನ್ ಸಾವಧಾನವಾಗಿ ಪುಟ ತೆರೆದು ಬೆರಳಿಟ್ಟ. ಮಂದ ಬೆಳಕಿನ ಮಗ್ಗುಲಲ್ಲೇ ಅಮಲೂ ಕೂತಿತ್ತು! “ಎರಡೂ ಇದೆಯಲ್ಲ ಸಾರ್. ಪದಬಳಕೆಯಲ್ಲಿ ತಪ್ಪಾಯಿತು ಅಂತ ಅವರು ಬರೆದುಕೊಡಲಿ, ಮುಗಿಸೋಣ” ಎಂದ. ಹೇಳಲು ನಾಚಿಕೆ, ಅಷ್ಟು ಹಾರಾಡಿದ ನಾನೇ ತಲೆಯಾಡಿಸಿ, ‘ಮಬ್ಬಿ’ನ ಬದಲು ‘ಅರುಣೋದಯಪೂರ್ವ’ ಎಂದು ಆಕೆಯ ಪರವಾಗಿ ಬರೆದುಕೊಡಲು ಪೆನ್ನು ತೆಗೆದೆ.

“ತಪ್ಪಂತ ನಾ ಬರ್ಕೊಡಂಗಿಲ್ರಿ” ಎಂದಳು ನೀಲಮ್ಮ. “ಮಬ್ಬಿನ್ಯಾಗ ಬರೋದ ತಪ್ಪಾದ್ರ, ನಾಳಿಂದ ಬಿಸಲು ಬಿದ್ದ ಮ್ಯಾಲ ಬರ್ತೀನಿ.”

ಹಾಗೆಯೇ ಬಂದಳು. ಅಷ್ಟರಲ್ಲಿ ಹಾಸ್ಟೆಲಿನ ಮಕ್ಕಳೆಲ್ಲ ಖಾಲಿ ತಟ್ಟೆ ಬಾರಿಸುತ್ತ ವಾರ್ಡನ್ನನ ಬಾಗಿಲಲ್ಲಿ ನಿಂತಿದ್ದರು. ಮಧ್ಯಾಹ್ನದೊಳಗೆ ನೋಟಿಸು ರದ್ದಾಯಿತು. ಫಲಕದ ಮೇಲೆ ಆತನದೇ ಸಹಿಯ ಹೊಸ ಆದೇಶ ಬಂತು: ‘ಅಡುಗೆಯವರು ಎಂದಿನಂತೆ ಮಬ್ಬಿನಲ್ಲಿಯೇ ಬರತಕ್ಕದ್ದು.’

ನೀಲಮ್ಮ ಅದನ್ನು ನನ್ನಿಂದ ಎರಡು ಸಲ ಓದಿಸಿದಳು. ಎರಡನೆಯ ಸಲ ನನ್ನ ದನಿ ಸಣ್ಣದಾಯಿತು. ಆ ಪದವನ್ನು ಬಿಟ್ಟುಕೊಡಲು ಪೆನ್ನು ತೆಗೆದವನು ನಾನೇ ತಾನೆ.