ಎಡಗಾಲಿನ ಸುಳ್ಳು

ಎಡಗಾಲು ಉಳುಕಿದವ ಯಾವ ಕಾಲಿಂದ ಚೆಂಡು ಒದೀತಾನ, ಹೇಳ್ರಿ? ಬಲಗಾಲು ಅಂದ್ರ ತಪ್ಪು.

ಈ ಸಲನೂ ಮಳಿ ಇಲ್ಲ, ಸಂತಪುರದ ನಮ್ಮ ಮಂದಿ ದೂರದ ಊರಿಗೆ ಕಬ್ಬು ಕಡೀಲಿಕ್ಕೆ ಹೊಂಟಾರ. ನನಗ ಫುಟ್ಬಾಲ್ ಬಿಟ್ಟು ಹೋಗೋ ಮನಸ್ಸಿಲ್ಲ. ಎಡಗಾಲು ಉಳುಕೇದ ಅಂತ ಕುಂಟಿದೆ. ಅಪ್ಪ ಬೀದರಿನ ಫಿಜಿಯೋ ಡಾಕ್ಟರ್ ಹತ್ರ ಕರಕೊಂಡು ಬಂದ. ಅವರು ಹಿಂದ ದೇಶದ ತಂಡದಾಗ ಆಡಿದವರು. ಅಪ್ಪನ್ನ ಹೊರಗ ಕೂಡಿಸಿ, ನನ್ನ ಕಡಿ ಸುಮ್ಮನೆ ಒಂದು ಚೆಂಡು ಉರುಳಿಸಿದರು. ಎಡಗಾಲು ತಾನೇ ಹೋಗಿ ಒದ್ದುಬಿಡ್ತು.

“ಪೆನಾಲ್ಟಿ ಸಲುವಾಗಿ ನಾನೂ ಹಿಂಗೇ ಪೆಟ್ಟಾದಂಗ ನಾಟಕ ಮಾಡಿ ಬೀಳ್ತಿದ್ದೆ, ಬೇಟಾ. ನಿನಗಿಂತ ಛಂದ ಮಾಡ್ತಿದ್ದೆ,” ಅಂದರು.

ಆಮ್ಯಾಲೆ ‘ಈ ಕಾಲು ಕಬ್ಬಿಗೆ ಬ್ಯಾಡ, ದಿನಾ ಮೈದಾನಕ್ಕ ಬರಲಿ’ ಅಂತ ಚೀಟಿ ಬರೆದುಕೊಟ್ಟರು.

ಚೀಟಿ ಸುಳ್ಳರಿ, ನಾನೇ ಕಟ್ಟಿ ಹೇಳಿದ್ದು. ಖರೇ ಅಂದ್ರ ಡಾಕ್ಟರ್ ನನ್ನ ಹೊರಗ ಕಳಿಸಿ, ಅಪ್ಪನ್ನ ಒಳಗ ಕರೆದಾರ. ಅಪ್ಪ ನಗೋದು ಕೇಳಿಸ್ಲಿಕತ್ತದ. ಮನಿಗೆ ಕುಂಟುತ್ತ ಹೋಗಬೇಕೋ, ನೆಟ್ಟಗ ಹೋಗಬೇಕೋ, ಇನ್ನೂ ತಿಳಿವಲ್ದು.