ಎರಡು ಫಟಫಟಿಯ ವಕೀಲ

ಉಪ್ಪಾಗೆ ತುಪ್ಪದ ವಾಸನೆ ಬಂದರೆ ನನಗೆ ಇವತ್ತಿಗೂ ಹೊಟ್ಟೆ ತೊಳಸುತ್ತದೆ. ಚಳಿಗಾಲದಲ್ಲಿ ಮನೆಯಲ್ಲಿ ಯಾರಾದರೂ ಒಡೆದ ಹಿಮ್ಮಡಿಗೆ ಹಚ್ಚಲು ಅದನ್ನು ಕಾಯಿಸಿದರೆ ನಾನು ಎದ್ದು ಹೊರಗೆ ಹೋಗಿ ಕೂರುತ್ತೇನೆ. ಇದು ನನ್ನ ಮುದಿತನದ ಸೊಕ್ಕು ಎಂದು ಮನೆಯವರು ತಿಳಿದಿದ್ದಾರೆ. ತಿಳಿಯಲಿ. ತುಪ್ಪದ ತಪ್ಪು ಏನೂ ಇಲ್ಲ. ಆ ವಾಸನೆಯ ಬೆನ್ನಿಗೆ ನಾನು ಎಂಥ ಮನುಷ್ಯನಾಗಿದ್ದೆ ಎಂಬುದು ನೆನಪಿಗೆ ಬರುತ್ತದೆ. ಹೇಸಿಗೆ ಅದರದು.

ಮೂವತ್ತರ ದಶಕದಲ್ಲಿ ನಾನು ಶಿರಸಿಯಲ್ಲಿ ವಕೀಲಿ ಮಾಡುತ್ತಿದ್ದೆ. ವಾರದಲ್ಲಿ ಒಂದು ದಿನ ಸಿದ್ದಾಪುರದ ಮಾಮಲೇದಾರ್ ಕಚೇರಿ, ಒಂದು ದಿನ ಯಲ್ಲಾಪುರದ್ದು. ಬಸ್ಸನ್ನು ನಂಬಿದರೆ ಕಕ್ಷಿದಾರನ ಗತಿ ಮುಗಿದಂತೆಯೇ. ಹಾಗಾಗಿ ವರ್ಗವಾಗಿ ಹೋಗುತ್ತಿದ್ದ ಒಬ್ಬ ಅಧಿಕಾರಿಯ ಹತ್ತಿರ ಹಳೆಯ ಮೋಟಾರ್ ಸೈಕಲ್ ಒಂದನ್ನು ಕೊಂಡಿದ್ದೆ. ಮೊದಲ ಮಹಾಯುದ್ಧದ ಹೊತ್ತಿನ ಇಂಗ್ಲಿಷ್ ಗಾಡಿ. ಚೈನಿನ ಬದಲು ಪಟ್ಟಿ, ಮುಂದೆ ಕಾರ್ಬೈಡ್ ದೀಪ. ಎಂಜಿನ್ನಿಗೆ ಎಣ್ಣೆ ತಾನಾಗಿ ಹೋಗುತ್ತಿರಲಿಲ್ಲ. ಟ್ಯಾಂಕಿನ ಪಕ್ಕದಲ್ಲಿ ಹಿತ್ತಾಳೆಯ ಕೈಪಂಪು ಇತ್ತು. ನಾಲ್ಕೈದು ಮೈಲಿಗೊಮ್ಮೆ ಸವಾರನೇ ಅದರ ಹಿಡಿ ಒತ್ತಿ ಎಣ್ಣೆ ಕುಡಿಸಬೇಕು, ಮರೆತರೆ ಎಂಜಿನ್ ಸುಟ್ಟುಹೋಗುತ್ತದೆ.

ಇದನ್ನೆಲ್ಲ ನನಗೆ ಕಲಿಸಿದವರು ಶಿರಸಿ ಪೇಟೆಯ ಒಬ್ಬ ಸಾಹೇಬರು, ಮೋಟಾರ್ ಫಿಟ್ಟರ್. ನನಗಿಂತ ಹತ್ತು ವರ್ಷ ಹಿರಿಯರು. ಆದರೂ ನಾನು ಅವರನ್ನು 'ನೀನು' ಎನ್ನುತ್ತಿದ್ದೆ, ಅವರು ನನ್ನನ್ನು 'ನೀವು' ಎನ್ನುತ್ತಿದ್ದರು. ಆಗ ಅದು ಸಹಜವೆಂದೇ ಅನ್ನಿಸಿತ್ತು. ಲಾರಿಯೊಂದರ ಜಾಕು ಜಾರಿ ಅವರ ಎಡಗಾಲು ಮೊಣಕಾಲಿನಿಂದ ಕೆಳಗೆ ಸೆಟೆದುಕೊಂಡಿತ್ತು. ಆ ಕಾಲನ್ನೇ ಎಳೆದುಕೊಂಡು ಮೂರು ವಾರ ನನ್ನ ಗಾಡಿಯ ಹಿಂದೆ ಮೈದಾನದಲ್ಲಿ ಓಡಾಡಿದರು. ನಾನು ಬಿದ್ದಾಗಲೆಲ್ಲ ಮೊದಲು ನನ್ನನ್ನು ಎತ್ತಿ ಆಮೇಲೆ ಗಾಡಿ ಎತ್ತಿದರು.

ಕೆಲವು ವರ್ಷ ಕಳೆದ ಮೇಲೆ ಕೈಯಲ್ಲಿ ನಾಲ್ಕು ಕಾಸು ಆಡಿತು, ತಲೆಗೆ ಕೋಡು ಮೂಡಿತು. ಹುಬ್ಬಳ್ಳಿಗೆ ಹೋಗಿ ಹೊಸ ಮೋಟಾರ್ ಸೈಕಲ್ ತಂದೆ. ಚೈನು, ವಿದ್ಯುದ್ದೀಪ, ಎಣ್ಣೆ ತಾನಾಗಿ ಹೋಗುವ ಎಂಜಿನ್. ಕಚೇರಿಯ ಅಂಗಳದಲ್ಲಿ ನಿಲ್ಲಿಸಿದರೆ ಜನ ಇರುವೆಯ ಹಾಗೆ ಮುತ್ತುತ್ತಿದ್ದರು. ಎಲೆಅಡಿಕೆಯ ಕವಳ ಹಾಕಿ ಉಳಿದ ಸುಣ್ಣವನ್ನು ಕಂಬಕ್ಕೆ ಒರೆಸಿ ರೂಢಿಯಾದ ಬೆರಳುಗಳು ಈಗ ನನ್ನ ಸೀಟಿನ ಸ್ಪ್ರಿಂಗಿಗೆ ಒರೆಸುತ್ತಿದ್ದವು. ಟ್ಯಾಂಕಿನ ಮೇಲೆ ಕೆಂಪು ಎಂಜಲಿನ ಚುಕ್ಕೆಗಳು. ದಿನಾ ಸಂಜೆ ಅಸಹ್ಯಪಟ್ಟುಕೊಂಡು ಒರೆಸುತ್ತಿದ್ದೆ. ಆದರೆ ಯಾರೂ ಮುತ್ತದ ದಿನ ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹೊಸ ಗಾಡಿ ಬಂದ ವಾರವೇ ಫಿಟ್ಟರ್ ಸಾಹೇಬರು ಮನೆಗೆ ಬಂದರು. ಒಳಗೆ ಕರೆದರೂ ಬರಲಿಲ್ಲ, ಮೆಟ್ಟಿಲ ಮೇಲೆ ಕೂತರು.

"ವಕೀಲ್ ಸಾಹೇಬ್ರೇ, ಹಳೇದು ನನಗೆ ಕೊಡಿ. ಬಿಟ್ಟಿ ಬೇಡ, ಬೆಲೆ ನೀವೇ ಹೇಳಿ. ಲಾರಿ ಯಾವಾಗ್ಲೂ ಘಟ್ಟದಲ್ಲೇ ನಿಲ್ತದೆ, ನನ್ನ ಅಂಗಡಿ ಮುಂದೆ ನಿಲ್ಲೋದಿಲ್ಲ. ಹುಬ್ಬಳ್ಳಿಯಿಂದ ಹೊಸಾ ಫಿಟ್ಟರ್ ಬಂದಿದಾನೆ, ಸೈಕಲ್ ತುಳಿದು ನನಗಿಂತ ಮೊದಲು ಹೋಗಿ ಮುಟ್ತಾನೆ. ನನಗೆ ಸೈಕಲ್ ತುಳಿಯೋದಕ್ಕಾಗೋದಿಲ್ಲ. ಫಟಫಟಿ ಆದ್ರೆ ಒದೆಯೋದಕ್ಕೆ ಒಂದು ಕಾಲು ಸಾಕು."

ಇಷ್ಟು ಬಿಡಿಸಿ ಹೇಳಿದರು. ಕೆಲಸ ಕೈತಪ್ಪುತ್ತಿದೆ, ಮನೆಯಲ್ಲಿ ಆರು ಹೊಟ್ಟೆಗಳಿವೆ, ಆ ಗಾಡಿ ಸಿಕ್ಕರೆ ಅಂಗಡಿ ಉಳಿಯುತ್ತದೆ. ನನಗೆ ಅರ್ಥವಾಗಲಿಲ್ಲ ಎನ್ನುವ ಹಾಗಿಲ್ಲ.

"ನೋಡೋಣ," ಅಂದೆ. "ರಿಜಿಸ್ಟ್ರಿ ನನ್ನ ಹೆಸರಿನಲ್ಲಿದೆ. ಅದನ್ನು ಬದಲಾಯಿಸುವುದು ಅಂದರೆ ಕಾರವಾರಕ್ಕೆ ಬರೆಯಬೇಕು, ಅಲ್ಲಿಂದ ಏನೇನು ಕೇಳುತ್ತಾರೋ. ದೊಡ್ಡ ರಗಳೆ."

ದಿನಬೆಳಗಾದರೆ ಕಂಡವರಿಗೆಲ್ಲ ಅರ್ಜಿ ಬರೆದುಕೊಡುವ ವಕೀಲನಿಗೆ ಕಾರವಾರಕ್ಕೆ ಒಂದು ಕಾಗದ ಬರೆಯುವುದು ದೊಡ್ಡ ರಗಳೆ. ಥೂ. ಅವರು ತಲೆಯಾಡಿಸಿ ಹೋದರು. ವಕೀಲರು ಕಾಯಿದೆ ಬಲ್ಲವರು, ಇದ್ದರೂ ಇದ್ದೀತು ಅಂದುಕೊಂಡಿರಬೇಕು.

ನಿಜ ಸಂಗತಿ ಬೇರೆ. ಆ ವಾರ ಯಲ್ಲಾಪುರದ ಕಚೇರಿಯಲ್ಲಿ ಯಾರೋ ಇನ್ಯಾರಿಗೋ ನನ್ನನ್ನು ತೋರಿಸಿ "ಅವ್ರೇ ನೋಡ್ರಿ, ಎರಡು ಫಟಫಟಿ ವಕೀಲ್ರು" ಅಂದದ್ದು ನನ್ನ ಕಿವಿಗೆ ಬಿದ್ದಿತ್ತು. ಒಂದು ಫಟಫಟಿಯ ವಕೀಲರು ಶಿರಸಿಯಲ್ಲಿ ಇನ್ನೊಬ್ಬರಿದ್ದರು. ಎರಡು ಇದ್ದದ್ದು ನನಗೊಬ್ಬನಿಗೆ.

ಪೇಟೆಯ ಬಾಡಿಗೆ ಮನೆಯಲ್ಲಿ ಎರಡು ಗಾಡಿಗೆ ಜಾಗವಿರಲಿಲ್ಲ. ಹಳೆಯದನ್ನು ಹೆಗಡೆಕಟ್ಟಾದ ಮಾವನ ಮನೆಯ ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿ ಬಂದೆ. ವರ್ಷಕ್ಕೊಮ್ಮೆ ರಿಜಿಸ್ಟ್ರಿ ಹೊಸದು ಮಾಡಿಸುವ ಕಾಗದ ಬರುತ್ತಿತ್ತು. ಹೊಸ ಗಾಡಿಗೆ ಒಂದು, ಹಳೆಯದಕ್ಕೆ ಒಂದು. ಎರಡಕ್ಕೂ ರುಜು ಹಾಕಿ, ಒಂದು ದಿನ ತಡಮಾಡದೆ ಕಾರವಾರಕ್ಕೆ ಕಳಿಸುತ್ತಿದ್ದೆ. ಆಗ ಯಾವ ರಗಳೆಯೂ ಕಾಣಲಿಲ್ಲ. ಹೆಂಡತಿ ಒಮ್ಮೆ ಪಕ್ಕದಲ್ಲಿ ನಿಂತು ನೋಡಿ ಕೇಳಿದಳು:

"ನಿಂಗ ಒಂದೇ ಸಲ ಎರಡ್ರ ಮೇಲೂ ಕೂರ್ತ್ರ? ಆ ಮನುಷ್ಯಂಗೆ ಒಂದು ಕೊಟ್ರೆ ಎಂತಾಗ್ತು?"

"ನಿನಗೆ ಇದೆಲ್ಲ ತಿಳಿಯುವುದಿಲ್ಲ," ಅಂದೆ. ಅವಳಿಗೆ ಚೆನ್ನಾಗಿ ತಿಳಿದಿತ್ತು. ಅದಕ್ಕೇ ಮತ್ತೆ ಕೇಳಲಿಲ್ಲ.

ಮಾವನವರು ಸಾಧು ಮನುಷ್ಯ. ಅಳಿಯನ ಗಾಡಿ ತಮ್ಮ ಮನೆಯಲ್ಲಿ ನಿಂತಿದೆ ಎಂಬುದೇ ಅವರಿಗೊಂದು ಹೆಮ್ಮೆ. ಧೂಳು ಕೂರದಂತೆ ಕಂಬಳಿ ಹೊದಿಸಿದ್ದರು. ಒಂದು ಹಬ್ಬಕ್ಕೆ ಹೋದಾಗ ಊಟಕ್ಕೆ ಕೂತಿದ್ದೆವು. ನಾನು ಹೊಸ ಗಾಡಿಯ ವೇಗದ ಬಗ್ಗೆ ಪಕ್ಕದ ಎಲೆಯವರಿಗೆ ಕೊರೆಯುತ್ತಿದ್ದೆ. ಮಾವ ನಡುವೆ ಬಾಯಿ ಹಾಕಿದರು.

"ಹಳೇ ಗಾಡಿ ಬಗ್ಗೆ ನಿಂಗ ಎಂತೂ ಚಿಂತೆ ಮಾಡಡಿ. ಅದ್ರಲ್ಲಿದ್ದ ಕಪ್ಪು ಎಣ್ಣೆ ಗಬ್ಬು ನಾರ್ತಿತ್ತು, ಚೆಲ್ಲಿದೆ. ಉಪ್ಪಾಗೆ ತುಪ್ಪ ಕಾಯ್ಸಿ ತುಂಬ ಹಾಕಿದ್ದೆ. ಎತ್ತಿನಗಾಡಿ ಅಚ್ಚಿಗೂ ಆನು ಅದೇ ಹಾಕದು. ಇಪ್ಪತ್ತು ವರ್ಷಾತು, ಎಂತೂ ಆಜಿಲ್ಲೆ."

ಬಾಯಿ ತುಂಬ ಹೋಳಿಗೆ ಇತ್ತು. "ಒಳ್ಳೆಯದಾಯಿತು" ಎಂಬಂತೆ ತಲೆ ಅಲ್ಲಾಡಿಸಿ, ಮತ್ತೆ ಹೊಸ ಗಾಡಿಯ ಕಥೆಗೆ ಹೋದೆ. ಕಾಡಿನ ಉಪ್ಪಾಗೆ ಹಣ್ಣಿನ ಬೀಜದಿಂದ ತೆಗೆಯುವ ಆ ತುಪ್ಪ ಕಾಯಿಸಿದಾಗ ನೀರಿನಂತಿರುತ್ತದೆ, ತಣಿದ ಮೇಲೆ ಮೇಣದಂತೆ ಗಟ್ಟಿ. ಇದು ನಮ್ಮ ಕಡೆಯ ಎಳೆ ಮಕ್ಕಳಿಗೂ ಗೊತ್ತು. ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಎರಡನೇ ವರ್ಷದ ಬೇಸಿಗೆ. ಅಂಕೋಲೆಯಲ್ಲಿ ಒಂದು ಕೆಲಸವಿತ್ತು. ದೊಡ್ಡ ಕಕ್ಷಿದಾರರೊಬ್ಬರನ್ನು ಹಿಂದೆ ಕೂರಿಸಿಕೊಂಡು ಯಲ್ಲಾಪುರ ದಾಟಿ ಘಟ್ಟದ ಕಡೆ ಹೊರಟಿದ್ದೆ. ಇಡಗುಂದಿಯ ಹತ್ತಿರ ರಸ್ತೆಯ ಅಂಚಿನಲ್ಲಿ ಒಬ್ಬ ಮನುಷ್ಯ ಹೆಗಲ ಮೇಲೆ ಹತಾರದ ಚೀಲ ಹೊತ್ತು ಕಾಲೆಳೆದುಕೊಂಡು ಹೋಗುತ್ತಿದ್ದ. ಫಿಟ್ಟರ್ ಸಾಹೇಬರು. ಶಿರಸಿಯಿಂದ ಯಲ್ಲಾಪುರದ ತನಕ ಬಸ್ಸು ಸಿಕ್ಕಿತ್ತು, ಅಲ್ಲಿಂದ ಘಟ್ಟದಲ್ಲಿ ಕೆಟ್ಟು ನಿಂತ ಲಾರಿಗೆ ನಡಿಗೆ. ನನ್ನ ಗಾಡಿಯ ಸದ್ದಿಗೆ ತಿರುಗಿ, ನಿಲ್ಲಿಸಿ ಎಂದು ಕೈ ಎತ್ತಿದರು.

ಹಿಂದೆ ಕಕ್ಷಿದಾರರು ಕೂತಿದ್ದರು, ಜಾಗವಿರಲಿಲ್ಲ. ಆದರೆ ನಿಲ್ಲಿಸಿ ಒಂದು ಮಾತು ಆಡಬಹುದಿತ್ತು. ಆ ಮಣಭಾರದ ಚೀಲವನ್ನಾದರೂ ಹ್ಯಾಂಡಲಿಗೆ ನೇತುಹಾಕಿಕೊಂಡು ಹೋಗಿ ಲಾರಿಯ ಹತ್ತಿರ ಇಳಿಸಿ, ಫಿಟ್ಟರ್ ಬರುತ್ತಿದ್ದಾರೆ ಎಂದು ಹೇಳಬಹುದಿತ್ತು. ನಾನೇನು ಮಾಡಿದೆ? ಅವರು ಸಲಾಂ ಮಾಡಿದರು ಎಂದು ತಿಳಿದವನ ಹಾಗೆ ನಟಿಸಿ, ನಗುತ್ತ ತಿರುಗಿ ಸಲಾಂ ಮಾಡಿ, ಅವರ ಮುಖಕ್ಕೆ ಧೂಳು ಎಬ್ಬಿಸಿ ಹೋದೆ. ಘಟ್ಟದ ಎರಡನೇ ತಿರುವಿನಲ್ಲಿ ಆ ಲಾರಿ ಕಂಡಿತು. ಹುಬ್ಬಳ್ಳಿಯ ಫಿಟ್ಟರ್ ಆಗಲೇ ಅದರ ಅಡಿಯಲ್ಲಿ ಮಲಗಿದ್ದ, ಸೈಕಲ್ ಪಕ್ಕದ ಮರಕ್ಕೆ ಒರಗಿತ್ತು.

ಅವತ್ತು ಅನ್ನ ಸೇರಲಿಲ್ಲ. ನನ್ನ ಕೈಯನ್ನು ನಾನೇ ನೋಡಿಕೊಳ್ಳಲು ಅಸಹ್ಯವಾಗುತ್ತಿತ್ತು. ಆದರೂ ಬೇಸಿಗೆ ಹೋಯಿತು, ಮಳೆಗಾಲ ಹೋಯಿತು. ಚಳಿ ಹಿಡಿದ ಮೇಲೆ ಒಂದು ದಿನ ಅವರ ಅಂಗಡಿಯ ಮುಂದೆ ನಿಂತು, ಮೊದಲ ಸಲ ಬಹುವಚನ ಹಚ್ಚಿ, "ಗಾಡಿ ನಿಮ್ಮದು, ಶುಕ್ರವಾರ ತಂದುಕೊಡುತ್ತೇನೆ" ಅಂದೆ.

ಅವರು ಒಳಗೆ ಹೋಗಿ ಒಂದು ಕಬ್ಬಿಣದ ಪಟ್ಟಿ ತಂದು ತೋರಿಸಿದರು. ಸೆಟೆದ ಕಾಲನ್ನು ಇಟ್ಟುಕೊಳ್ಳಲು ಗಾಡಿಯ ಎಡಬದಿಗೆ ಕೂರಿಸುವ ಮೆಟ್ಟು. ಅಂಚು ಮಡಚಿ, ಮೇಲೆ ಚರ್ಮ ಹೊಲಿದು, ಹಿಂದೆ ಬಂದು ಕೇಳಿದ ವಾರವೇ ಮಾಡಿಟ್ಟಿದ್ದರಂತೆ. ಎರಡು ವರ್ಷ ಎಣ್ಣೆ ಹಚ್ಚಿ ತುಕ್ಕು ಬರದಂತೆ ಕಾದಿದ್ದರು.

"ಒಂದು ಮಾತು ಸಾಹೇಬ್ರೇ. ಎರಡು ವರ್ಷ ನಿಂತ ಗಾಡಿ. ನೀವು ಸ್ಟಾರ್ಟ್ ಮಾಡ್ಬೇಡಿ. ನಾನೇ ಬರ್ತೇನೆ, ಬಿಚ್ಚಿ ನೋಡಿ ತರ್ತೇನೆ."

"ಆಗಲಿ," ಅಂದೆ.

ಆಗಲಿ ಅಂದವನು, ಗಾಡಿ ಪೇಟೆಗೇ ಬರುತ್ತದೆ, ಅಂಗಡಿಯಲ್ಲೇ ಇರಿ ಎಂದು ಅವರಿಗೆ ಹೇಳಿಕಳಿಸಿ ಗುರುವಾರವೇ ಹೆಗಡೆಕಟ್ಟಾಕ್ಕೆ ಹೋದೆ. ಯಾಕೆಂದರೆ, ಸಂತೆಯಷ್ಟು ಜನ ಇರುವ ಶುಕ್ರವಾರದ ಬೆಳಿಗ್ಗೆ, ಮಸೀದಿಗೆ ಹೋಗುವವರೂ ಕಚೇರಿಗೆ ಹೋಗುವವರೂ ನೋಡುವ ಹಾಗೆ ಪೇಟೆಯ ನಡುವೆ ಗಾಡಿ ಓಡಿಸಿಕೊಂಡು ಬಂದು, ಅವರ ಕೈಗೆ ಕೊಡಬೇಕು ಎಂದು ನನ್ನ ಆಸೆ. ದಾನ ಮಾಡುವಾಗಲೂ ಮೆರವಣಿಗೆ ಬೇಕಿತ್ತು ನನಗೆ.

ರಾತ್ರಿ ಅಲ್ಲೇ ಉಳಿದು ಶುಕ್ರವಾರ ಎದ್ದಾಗ ಬೆಳಗಿನ ಚಳಿಗೆ ಕೈ ಮರಗಟ್ಟಿತ್ತು. ಮಾವ ಕಂಬಳಿ ತೆಗೆದು, ಖುಷಿಯಿಂದ ಕೈಕಟ್ಟಿ ನಿಂತರು. ಹೊಸ ಪೆಟ್ರೋಲು ಹಾಕಿದೆ. ಇಪ್ಪತ್ತು ಸಲ ಒದ್ದ ಮೇಲೆ ಎಂಜಿನ್ ಕೆಮ್ಮಿ ಹಿಡಿಯಿತು. ಪಂಪಿನ ಹಿಡಿ ಒತ್ತಿದೆ, ಕದಲಲಿಲ್ಲ. ಅಂಗೈ ಇಟ್ಟು ಬಲವಾಗಿ ತಳ್ಳಿದೆ, ಚೂರು ಒಳಗೆ ಹೋಯಿತು.

"ತುಂಬ ಇದ್ದು, ಆನೇ ಹಾಕಿದ್ದೆ," ಅಂದರು ಮಾವ.

ಏನು ಹಾಕಿದ್ದಾರೆ ಎಂದು ಆಗಲೂ ನೆನಪಾಗಲಿಲ್ಲ. ಹೊರಟೆ. ಮೂರು ಮೈಲಿ ಚೆನ್ನಾಗಿಯೇ ಓಡಿತು. ಆರನೇ ಮೈಲಿಗೆ ಎಂಜಿನ್ನಿನಿಂದ ಮನೆಯ ಅಡಿಗೆಕೋಣೆಯ ವಾಸನೆ ಬಂತು. ಬಿಸಿ ತುಪ್ಪದ ವಾಸನೆ, ಆಮೇಲೆ ಸುಟ್ಟ ತುಪ್ಪದ್ದು. ಹಬ್ಬದ ಊಟದಲ್ಲಿ ಮಾವ ಹೇಳಿದ್ದು ಆಗ ನೆನಪಾಯಿತು. ನಿಲ್ಲಿಸಬೇಕಿತ್ತು. ಪೇಟೆ ಇನ್ನು ಸ್ವಲ್ಪ ದೂರ ಅಷ್ಟೇ ಅಂದುಕೊಂಡು ಇನ್ನೂ ಜೋರಾಗಿ ಬಿಟ್ಟೆ. ಒಳಗೆ ಕಟಾರನೆ ಸದ್ದಾಗಿ ಚಕ್ರ ಕಚ್ಚಿಕೊಂಡಿತು, ನಾನು ರಸ್ತೆಯ ಪಕ್ಕದ ಮುಳ್ಳಿನಲ್ಲಿ ಬಿದ್ದೆ.

ಗಾಡಿ ಪೇಟೆಗೆ ಬಂದದ್ದು ಎತ್ತಿನಗಾಡಿಯ ಮೇಲೆ, ಶುಕ್ರವಾರವೇ, ಎಲ್ಲರೂ ನೋಡುತ್ತಿರುವಾಗ. ಫಿಟ್ಟರ್ ಸಾಹೇಬರು ಅಂಗಡಿಯ ಮುಂದೆ ಗೋಣಿ ಹಾಸಿ, ಅದರ ಮೇಲೆ ಹತಾರ ಜೋಡಿಸಿ, ಆ ಮೆಟ್ಟನ್ನು ಪಕ್ಕದಲ್ಲಿಟ್ಟು ಕೂತಿದ್ದರು. ನನ್ನ ಪರಚಿದ ಮುಖ ನೋಡಿ ಮೊದಲು ನನಗೆ ನೀರು ಕೊಟ್ಟರು. ಆಮೇಲೆ ಎಂಜಿನ್ ಬಿಚ್ಚಿದರು. ಪಂಪಿನ ಕೊಳವೆಯೊಳಗೆ ಬೆಳ್ಳಗೆ ಮೇಣದಂತೆ ತುಪ್ಪ ಕೂತಿತ್ತು. ಒಳಗಿನ ರಾಡು ಮುರಿದು ಹೊರಗಿನ ಗೂಡನ್ನೇ ಸೀಳಿತ್ತು.

"ಯಾರು ಹಾಕಿದ್ದು ಇದು?" ಎಂದು ಕೇಳಿದರು.

"ನಮ್ಮ ಮಾವ," ಅಂದೆ ತಟ್ಟನೆ. ಆ ಹಳ್ಳಿಯ ಮುದುಕರ ಮೇಲೆ ಹೊರಿಸಲು ನನಗೆ ಒಂದು ಉಸಿರಿನಷ್ಟೂ ಹೊತ್ತು ಬೇಕಾಗಲಿಲ್ಲ.

ಅವರು ತುಪ್ಪವನ್ನು ಬೆರಳಿನಲ್ಲಿ ಉಜ್ಜಿ ನೋಡಿದರು. "ಹಿರಿಯರು ಪ್ರೀತಿಯಿಂದ ಹಾಕಿದಾರೆ, ಅವರಿಗೆ ಏನೂ ಹೇಳ್ಬೇಡಿ. ಬಿಚ್ಚಿದ್ರೆ ಒಂದು ಗಂಟೆ ಕೆಲ್ಸ, ಬಿಸಿನೀರಲ್ಲಿ ತೊಳೆದ್ರೆ ಹೋಗ್ತಿತ್ತು." ಸೀಳಿದ ಗೂಡನ್ನು ತಿರುಗಿಸಿ ನೋಡಿ ಹೇಳಿದರು, "ಇದರ ಸಾಮಾನು ಈಗ ಬೊಂಬಾಯಲ್ಲೂ ಸಿಗೋದಿಲ್ಲ."

ಬೈಯಲಿಲ್ಲ. ಬೈದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ಹಿಂದಿನ ನಂಬರಿನ ತಗಡನ್ನು ಬಿಚ್ಚಿ, ತಮ್ಮ ಅಂಗಿಯ ತುದಿಯಿಂದ ಒರೆಸಿ, ನನ್ನ ಕೈಗೆ ಕೊಟ್ಟರು.

"ಇದು ನಿಮ್ದು. ರಿಜಿಸ್ಟ್ರಿ ಇನ್ನೂ ನಡೀತಾ ಅದೆಯಲ್ಲ."

ಯುಗಾದಿಯ ಹೊತ್ತಿಗೆ ಅವರ ಅಂಗಡಿಗೆ ಬೀಗ ಬಿತ್ತು. ಹುಬ್ಬಳ್ಳಿಯಲ್ಲಿ ಯಾರದೋ ಲಾರಿಗಳನ್ನು ತೊಳೆಯುವ ಕೆಲಸಕ್ಕೆ ಸೇರಿದರು ಎಂದು ಕೇಳಿದೆ. ಇಪ್ಪತ್ತು ವರ್ಷ ಎಂಜಿನ್ ಬಿಚ್ಚಿದ ಕೈ, ನೀರು ಹೊಯ್ಯುವ ಕೆಲಸ. ಹೋಗಿ ನೋಡುವ ಧೈರ್ಯ ನನಗೆ ಬರಲಿಲ್ಲ.

ಆ ವರ್ಷವೂ ಕಾರವಾರದಿಂದ ಎರಡು ಕಾಗದ ಬಂದವು. ಹಳೆಯ ಗಾಡಿಯ ಕಾಗದದ ಮೇಲೆ, ಗಾಡಿ ಇಲ್ಲ, ತೆಗೆದುಹಾಕಿ ಎಂದು ಒಂದು ಸಾಲು ಬರೆದರೆ ಮುಗಿಯುತ್ತಿತ್ತು. ಪೆನ್ನು ಹಿಡಿದು ಕೂತೆ. ಹಿಂದಿನ ದಿನ ಸಿದ್ದಾಪುರದಲ್ಲಿ ಒಬ್ಬ ಹೊಸ ಕಕ್ಷಿದಾರ ಕೈಮುಗಿದು, "ಎರಡು ಫಟಫಟಿ ವಕೀಲ್ರು ಅಂದ್ರೆ ನೀವೇ ಅಲ್ದ?" ಎಂದು ಕೇಳಿದ್ದ, ನಾನು ಹೌದು ಅಂದಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಮುಖ ನೋಡದೆ ನಾನು ಎರಡೂ ಕಾಗದಕ್ಕೆ ರುಜು ಹಾಕಿದೆ.